ಹಾವುಮೀನಿನ ಸಹವಾಸ

ಸಿಡ್ನಿಗೆ ಬರುವ ನಮ್ಮ ಜನ ಮನೆ ಹುಡುಕುವಾಗ ಬಾಡಿಗೆ ಎಷ್ಟು, ರೈಲು ಎಷ್ಟು ಹತ್ತಿರ, ಕರಿಬೇವು ಎಲ್ಲಿ ಸಿಗುತ್ತೆ ಅಂತೆಲ್ಲ ವಿಚಾರಿಸುತ್ತಾರೆ. ಆ ಏರಿಯಾದ ರಗ್ಬಿ ಲೀಗ್ ಟೀಮು ಯಾವುದು, ಅದು ಕೊನೇ ಸಲ ಕಪ್ ಗೆದ್ದಿದ್ದು ಯಾವಾಗ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ಹ್ಯಾರಿಸ್ ಪಾರ್ಕ್ ಕಡೆ ಮನೆ ಮಾಡಿದವರ ಕೊರಳಿಗೆ ಪ್ಯಾರಮಟ್ಟ ಈಲ್ಸ್ ತಾನಾಗಿಯೇ ಬಂದು ಬೀಳುತ್ತದೆ. ನೀಲಿ ಹಳದಿ ಬಣ್ಣ, ಎದೆಯ ಮೇಲೊಂದು ಹಾವುಮೀನು. ಕೊನೆಯ ಕಪ್ ಗೆದ್ದಿದ್ದು 1986ರಲ್ಲಿ. ಈಗಿನ ಎನ್‌ಆರ್‌ಎಲ್‌ನಲ್ಲಿ, ಅಂದರೆ ರಾಷ್ಟ್ರೀಯ ರಗ್ಬಿ ಲೀಗ್ ಟೂರ್ನಿಯಲ್ಲಿ, ಇಷ್ಟು ದೊಡ್ಡ ಬರಗಾಲ ಬೇರೆ ಯಾವ ತಂಡಕ್ಕೂ ಇಲ್ಲ.

ದಾವಣಗೆರೆಯಿಂದ ಅಮ್ಮ ಬಂದಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಆಟ ವಿವರಿಸಿದೆ. ಒಂದು ಕಡೆ 13 ಜನ. ಚೆಂಡು ಹಿಡಿದು ಮುಂದಕ್ಕೆ ಓಡಬೇಕು, ಎದುರಿನವರು ಟ್ಯಾಕಲ್ ಮಾಡಿ ಕೆಡವುತ್ತಾರೆ. ಆರು ಸಲ ಕೆಡವುವುದರೊಳಗೆ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ನಾಲ್ಕು ಪಾಯಿಂಟು. ಕೈಯಿಂದ ಎಸೆಯುವುದಾದರೆ ಮಾತ್ರ ಹಿಂದಕ್ಕೇ ಎಸೆಯಬೇಕು.

"ಮುಂದೆ ಹೋಗ್ಬೇಕು ಅಂತೀಯ, ಹಿಂದಕ್ಕೆ ಎಸೀಬೇಕು ಅಂತೀಯ. ಇವರು ಗೆಲ್ಲೋದು ಹೆಂಗಪ್ಪಾ?" ಅಂದರು ಅಮ್ಮ. ಹತ್ತಾರು ವರ್ಷಗಳಲ್ಲಿ ಬಂದುಹೋದ ಕೋಚುಗಳ ಸಾಲಿನಲ್ಲಿ ಅಮ್ಮನನ್ನೂ ಒಮ್ಮೆ ನಿಲ್ಲಿಸಿ ನೋಡಬಹುದಿತ್ತು.

ಸೋಲುವ ತಂಡ ಅಂತ ಬೈಯುವುದು ಸುಲಭ. ನನ್ನ ಸಂಕಟ ಬೇರೆ. ಪ್ರತಿ ವರ್ಷ ಕೊನೆಯ ಸ್ಥಾನಕ್ಕೆ ಬಿದ್ದಿದ್ದರೆ ನಾನು ಎಂದೋ ಟಿ.ವಿ. ಆಫ್ ಮಾಡಿ ತೋಟಗಾರಿಕೆ ಶುರು ಮಾಡಿರುತ್ತಿದ್ದೆ. ಇವರು ಹಾಗೆ ಬಿಡುವವರಲ್ಲ. 2017ರಲ್ಲಿ ನಾಲ್ಕನೇ ಸ್ಥಾನ. ಇನ್ನೇನು ಬಂದೇಬಿಟ್ಟಿತು ಅಂತ 2018ಕ್ಕೆ ಕಾದರೆ ಕಟ್ಟಕಡೆಗೆ ಬಿದ್ದರು. ಕೊನೆಗೆ ಬಿದ್ದವರಿಗೆ ಇಲ್ಲಿನ ಜನ ಮರದ ಸೌಟು ಸಿಕ್ಕಿತು ಅಂತ ಆಡಿಕೊಳ್ಳುತ್ತಾರೆ. 2012, 2013ರಲ್ಲಿ ಸಿಕ್ಕಿದ್ದೂ ಸೇರಿ ಮನೆಗೆ ಸಾಕಾಗುವಷ್ಟು ಸೌಟಾಯಿತು.

2019ರದ್ದಂತೂ ಹೇಳಲೇಬೇಕು. ಹೊಸ ಸ್ಟೇಡಿಯಂ, ನಾಕೌಟ್ ಪಂದ್ಯ, ಎದುರಿಗೆ ಬ್ರಿಸ್ಬೇನ್. ಗೆದ್ದರು. ಬರೀ ಗೆಲುವಲ್ಲ, 58-0. ಸ್ಟೇಡಿಯಂನಿಂದ ಸೀದಾ ಹ್ಯಾರಿಸ್ ಪಾರ್ಕಿನ ವಿಗ್ರಮ್ ಸ್ಟ್ರೀಟಿಗೆ ನಡೆದುಹೋಗಿ ಎರಡು ಕೆ.ಜಿ. ಜಿಲೇಬಿ ಕಟ್ಟಿಸಿಕೊಂಡು ಬಂದು ಅಕ್ಕಪಕ್ಕದ ಮನೆಗೆಲ್ಲ ಹಂಚಿದೆ. ಮುಂದಿನ ವಾರ ಮೆಲ್ಬರ್ನ್‌ನಲ್ಲಿ ಪಂದ್ಯ. 32-0. ಈ ಸಲ ಸೊನ್ನೆ ನಮ್ಮದು. ನಾನು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಹೆಂಡತಿ ಫ್ರಿಜ್ಜಿನ ಬಾಗಿಲು ತೆಗೆದು, "ರೀ, ಜಿಲೇಬಿ ಇನ್ನೂ ಸ್ವಲ್ಪ ಉಳಿದಿದೆ, ಯಾರಿಗೆ ಕೊಡ್ಲಿ?" ಅಂತ ಕೇಳಿದಳು. ನಿಜಕ್ಕೂ ಅಷ್ಟನ್ನೇ ಕೇಳಿದಳೋ ಇನ್ನೇನಾದರೂ ಕೇಳಿದಳೋ, ಇವತ್ತಿಗೂ ಬಗೆಹರಿದಿಲ್ಲ.

ಇವರ ಹಣೆಬರಹದಲ್ಲಿ ಸೋಲಿಗಿಂತ ವಿಚಿತ್ರವಾದ ಇನ್ನೊಂದು ಅಧ್ಯಾಯವಿದೆ. 2009ರಲ್ಲಿ ಎಂಟನೇ ಸ್ಥಾನದಿಂದ ತೆವಳಿಕೊಂಡು ಗ್ರ್ಯಾಂಡ್ ಫೈನಲ್ ತಲುಪಿ ಮೆಲ್ಬರ್ನ್ ಸ್ಟಾರ್ಮ್ ಎದುರು 23-16ರಲ್ಲಿ ಸೋತರು. ಮರುವರ್ಷ ನೋಡಿದರೆ ಆ ಮೆಲ್ಬರ್ನ್‌ನವರು ಆಟಗಾರರ ಸಂಬಳಕ್ಕಿದ್ದ ಮಿತಿ ಮೀರಿ ಗುಟ್ಟಾಗಿ ದುಡ್ಡು ಕೊಟ್ಟಿದ್ದು ಬಯಲಾಯಿತು, ಕಪ್ಪು ಕಿತ್ತುಕೊಂಡರು. ಹಾಗಾದರೆ ಎರಡನೆಯವರಿಗೆ ಕೊಡಬೇಕು ತಾನೇ? ಕೊಡಲಿಲ್ಲ. 2009ರ ಚಾಂಪಿಯನ್ ಯಾರೂ ಅಲ್ಲ ಅಂದುಬಿಟ್ಟರು. ನಾವು ಸೋತಿದ್ದು ಯಾರಿಗೂ ಅಲ್ಲ, ಆದರೂ ಸೋತಿದ್ದು ಸೋತಿದ್ದೇ. ನ್ಯಾಯಶಾಸ್ತ್ರ ಓದಿದವರು ಯಾರಾದರೂ ಇದನ್ನು ನನಗೆ ಬಿಡಿಸಿ ಹೇಳಬೇಕು.

ಅನ್ಯಾಯ ಅಂತ ಆರು ವರ್ಷ ಕೂಗಾಡಿಕೊಂಡಿದ್ದೆವು. 2016ರಲ್ಲಿ ಅದೇ ಸಂಬಳದ ಮಿತಿ ಮೀರಿದ್ದಕ್ಕೆ ಸಿಕ್ಕಿಬಿದ್ದವರು ಯಾರು? ನಮ್ಮವರೇ. 12 ಪಾಯಿಂಟು ಕಡಿತ, ಹತ್ತು ಲಕ್ಷ ಡಾಲರ್ ದಂಡ. ಸಾಲದ್ದಕ್ಕೆ ಆ ವರ್ಷದ ಶುರುವಿನಲ್ಲಿ ಆಕ್ಲೆಂಡ್‌ನಲ್ಲಿ ತಂಡಕ್ಕೆ ಒಂಬತ್ತೇ ಜನ ಆಡುವ ಪುಟ್ಟ ಟೂರ್ನಿಯೊಂದನ್ನು ಗೆದ್ದಿದ್ದರು, ಅದನ್ನೂ ವಾಪಸ್ ಕಿತ್ತುಕೊಂಡರು. ಮೆಲ್ಬರ್ನ್‌ನವರು ಮೋಸ ಮಾಡಿದಾಗ ಗ್ರ್ಯಾಂಡ್ ಫೈನಲ್ಲಾದರೂ ಗೆದ್ದಿದ್ದರು. ನಮ್ಮವರು ಕಂಡವರಿಗಿಂತ ಜಾಸ್ತಿ ದುಡ್ಡು ಸುರಿದೂ ಸಾಧಾರಣವಾಗಿಯೇ ಉಳಿದರು. ಇದಕ್ಕೆ ಬೇರೆಯದೇ ಪ್ರತಿಭೆ ಬೇಕು.

ಬೇಲಿಯಾಚೆ ಒಬ್ಬ ಮುದುಕರಿದ್ದಾರೆ, ಹುಟ್ಟಿದ್ದೇ ಪ್ಯಾರಮಟ್ಟದಲ್ಲಿ. 1986ರ ಫೈನಲ್ ಅವರ ಬಾಯಲ್ಲೇ ಕೇಳಬೇಕು. 4-2ಕ್ಕೆ ಗೆದ್ದ ಪಂದ್ಯ, ಎರಡೂ ಕಡೆಯವರು ಒಮ್ಮೆಯೂ ಗೆರೆ ದಾಟಿ ಚೆಂಡು ಒತ್ತಲಿಲ್ಲ, ಬಂದದ್ದೆಲ್ಲ ಚೆಂಡು ಒದ್ದು ಗಳಿಸಿದ ಪಾಯಿಂಟು. ತಂಡದ ದಿಗ್ಗಜರಾದ ರೇ ಪ್ರೈಸ್, ಮಿಕ್ ಕ್ರೋನಿನ್ ಇಬ್ಬರಿಗೂ ಅದೇ ಕಡೆಯ ಆಟ. ಈ ಮುದುಕರ ಗ್ಯಾರೇಜಿನಲ್ಲಿ ಬಣ್ಣದ ಡಬ್ಬಗಳ ಹಿಂದೆ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಮರದ ತುಂಡಿದೆ. ಒಂದು ಮಗ್ಗುಲು ಕರಕಲು, ಇನ್ನೊಂದು ಮಗ್ಗುಲಲ್ಲಿ ಹಸಿರು ಪೇಂಟು, ತುದಿಯಲ್ಲಿ ಬಾಗಿದ ಮೊಳೆ. 1981ರಲ್ಲಿ ಮೊದಲ ಸಲ ಚಾಂಪಿಯನ್ ಆದಾಗ ಸಂಭ್ರಮ ತಡೆಯಲಾಗದೆ ಅಭಿಮಾನಿಗಳು ತಮ್ಮದೇ ಮೈದಾನವಾದ ಕಂಬರ್ಲೆಂಡ್ ಓವಲ್ಲಿಗೆ ಬೆಂಕಿ ಇಟ್ಟಿದ್ದರು, ಅಲ್ಲಿಂದ ತಂದ ತುಂಡಂತೆ.

"ಗೆದ್ದಿದ್ದಕ್ಕೇ ಸುಟ್ಟುಬಿಟ್ರಾ?" ಅಂದೆ.

"ಸೋತಾಗ ಸುಡೋ ಪದ್ಧತಿ ಇಟ್ಕೊಂಡಿದ್ರೆ ಮೇಟ್, ಈ ಊರಲ್ಲಿ ಒಂದು ಕಂಬವೂ ಉಳೀತಿರಲಿಲ್ಲ" ಅಂದರು.

2022ರಲ್ಲಿ ಮತ್ತೆ ಫೈನಲ್. ಎದುರಿಗೆ ಅದೇ ರೈಲು ಮಾರ್ಗದಲ್ಲಿ ಇನ್ನಷ್ಟು ಪಶ್ಚಿಮಕ್ಕಿರುವ ಪೆನ್ರಿತ್, ಅಂದರೆ ಮನೆಯೊಳಗಿನ ಶತ್ರು. ಇದು ಗಾದೆಯಲ್ಲ. ನನ್ನ ಮಗಳು ಪೆನ್ರಿತ್ ಕಡೆ. ಕ್ಲಾಸಿನಲ್ಲಿ ಗೆಲ್ಲುವವರ ಕಡೆಗಿರುವ ಮಕ್ಕಳಿಗೆ ಮರ್ಯಾದೆ ಜಾಸ್ತಿಯಂತೆ. ನಾಲ್ಕಾರು ಕನ್ನಡದ ಮನೆಯವರನ್ನು ಕರೆದಿದ್ದೆ, ಬೇಸಿನ್ ತುಂಬ ಖಾರ ಮಂಡಕ್ಕಿ ಕಲಸಿಟ್ಟಿದ್ದೆ, ಮಿರ್ಚಿ ಕರಿದಿದ್ದಾಗಿತ್ತು. ಅರ್ಧ ಆಟಕ್ಕೆ 18-0. ಆಮೇಲೆ 28-0. ಬಂದವರು ಮರುದಿನದ ಟಿಫಿನ್ ಬಾಕ್ಸಿನ ಮಾತಿಗೆ ಇಳಿದರು. ಆಗ, ಯಾರಿಗೂ ಬೇಡವಾದ ಕೊನೆಯ ಹೊತ್ತಿನಲ್ಲಿ, ನಮ್ಮವರು ಚೆಂಡು ಒತ್ತಿದರು! ನಾನು ಎಗರಿದ ರಭಸಕ್ಕೆ ತೊಡೆಯ ಮೇಲಿದ್ದ ಬೇಸಿನ್ನು ಮಗುಚಿ ಮಂಡಕ್ಕಿಯಷ್ಟೂ ಸೋಫಾ ಸಂದಿಗೆ ಇಳಿಯಿತು. ಕೊನೆಗೆ 28-12. ಗೆದ್ದಿದ್ದರೆ ಆ ಎಣ್ಣೆ ಕಲೆಗೊಂದು ಘನತೆ ಇರುತ್ತಿತ್ತು. ಈಗ ಬರೀ ಕಲೆ. ಪೆನ್ರಿತ್‌ನವರು 2021ರಿಂದ 2024ರವರೆಗೆ ನಾಲ್ಕೂ ವರ್ಷ ಕಪ್ಪು ಹೊಡೆದರು ಅನ್ನುವುದನ್ನು ನಾನು ಹೇಳಬೇಕಿಲ್ಲ, ಮಗಳು ಹೇಳುತ್ತಿರುತ್ತಾಳೆ.

ಇಷ್ಟು ವರ್ಷ ನನಗೊಂದು ಸಮಾಧಾನವಿತ್ತು. ನನ್ನ ಇನ್ನೊಂದು ತಂಡ ಆರ್‌ಸಿಬಿ. ಎರಡೂ ದುಃಖ ಜೋಡೆತ್ತುಗಳ ಹಾಗೆ ಹೆಜ್ಜೆ ತಪ್ಪದೆ ನಡೆಯುತ್ತಿದ್ದವು. 2009ರ ಮೇನಲ್ಲಿ ಆರ್‌ಸಿಬಿ ಫೈನಲ್‌ನಲ್ಲಿ ಆರು ರನ್ನಿಗೆ ಸೋತರೆ ಅಕ್ಟೋಬರಿನಲ್ಲಿ ಈಲ್ಸ್. 2016ರಲ್ಲಿ ಈಲ್ಸ್‌ಗೆ ಪಾಯಿಂಟು ಕಡಿತ, ಆರ್‌ಸಿಬಿಗೆ ಫೈನಲ್‌ನಲ್ಲಿ ಚಿನ್ನಸ್ವಾಮಿಯಲ್ಲೇ ಎಂಟು ರನ್ನಿನ ಸೋಲು. ಆದರೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದೇಬಿಟ್ಟಿತು. ಮರುದಿನ ಬೆಂಗಳೂರಿನಲ್ಲಿ ಆದದ್ದನ್ನು ನಗೆಯ ಮಾತಿನ ನಡುವೆ ತರಲು ಮನಸ್ಸಿಲ್ಲ. ನನ್ನ ಪಾಡು ಇಷ್ಟೇ: ಒಂದು ಎತ್ತು ಕಣ ಸೇರಿತು, ಇನ್ನೊಂದು ಅದೇ ವರ್ಷ ಕೊನೆಯ ನಾಕೌಟ್ ಹಂತಕ್ಕೂ ಬರಲಿಲ್ಲ.

ಬೇಲಿಯಾಚೆಯವರಿಗೂ ಸುದ್ದಿ ಮುಟ್ಟಿತ್ತು. "ನಿಮ್ಮ ಬೆಂಗಳೂರಿನವರು 18 ವರ್ಷ ಕಾದು ಗೆದ್ದರಂತಲ್ಲ?" ಅಂದರು. ಹೌದೆಂದೆ. "18ಕ್ಕೇ ಅಷ್ಟು ಗಲಾಟೆಯಾ? ನಮಗೆ 18 ತುಂಬಿದ್ದು 2004ರಲ್ಲಿ, ಆಗಿನ್ನೂ ನಾವು ಗೊಣಗೋಕೂ ಶುರು ಮಾಡಿರಲಿಲ್ಲ." ಸ್ವಲ್ಪ ಹೊತ್ತು ಪೊದೆ ಕತ್ತರಿಸಿ ಮತ್ತೆ ತಲೆ ಎತ್ತಿದರು. "ಅದಿರಲಿ, ಏನು ಮಾಡಿ ಗೆದ್ದರು?"

"ಹರಾಜಿನಲ್ಲಿ ಒಳ್ಳೇ ಬೌಲರ್‌ಗಳನ್ನ ತಗೊಂಡ್ರು. ಅದರಲ್ಲೂ ಹ್ಯಾಜಲ್‌ವುಡ್, ನಿಮ್ಮ ಟ್ಯಾಮ್‌ವರ್ತ್ ಹುಡುಗ."

ಕತ್ತರಿ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದರು. "ಒಳ್ಳೇ ಎತ್ತರದ ಆಳು. ಟ್ಯಾಕಲ್ ಮಾಡೋಕೆ ಬರುತ್ತಾ ಅವನಿಗೆ?"