ಆಟಿಸಂ ಇರೋ ಮಕ್ಕಳು ಆಟ ನೋಡೋಕೆ ಹೊರಡೋ ಮುಂಚೆ: ಇಂಗ್ಲೆಂಡಿನೋರ ರೀತಿ, ನಮ್ಮ ರೀತಿ

ಇಂಗ್ಲೆಂಡಲ್ಲಿ ಡಿಸೆಂಬರ್ ಬಂತು ಅಂದ್ರೆ ಸಣ್ಣಪುಟ್ಟ ಊರಿನ ಥಿಯೇಟರಲ್ಲೂ ಪ್ಯಾಂಟೊ ಶುರುವಾಗತ್ತೆ. ಸಿಂಡರೆಲ್ಲಾ, ಅಲ್ಲಾದೀನ್, ಹೀಗೆ ಎಲ್ಲರಿಗೂ ಗೊತ್ತಿರೋ ಕಥೆಗಳನ್ನೇ ಹಾಡು ಕುಣಿತ ತಮಾಷೆ ಸೇರಿಸಿ ಆಡ್ತಾರೆ, ಗಂಡಸು ಹೆಂಗಸಿನ ವೇಷ ಹಾಕ್ತಾನೆ, ಖಳನಾಯಕ ಬಂದ ತಕ್ಷಣ ಸಭೆಯೆಲ್ಲಾ 'ಬೂ' ಅಂತ ಕೂಗ್ಬೇಕು, 'ನಿನ್ನ ಹಿಂದೇನೇ ಇದಾನೆ' ಅಂತ ಮಕ್ಕಳು ಕಿರುಚ್ಬೇಕು, ಹೊಗೆ, ಢಂ ಅನ್ನೋ ಸದ್ದು ಎಲ್ಲಾ ಇರತ್ತೆ. ಇಷ್ಟು ಗಲಾಟೆ ಇರೋ ಆಟಕ್ಕೆ ಆಟಿಸಂ ಇರೋ ಮಕ್ಕಳನ್ನ ಕರ್ಕೊಂಡು ಬನ್ನಿ ಅಂತ ಬಹಳಷ್ಟು ಥಿಯೇಟರೋರು ಪ್ರತಿ ಸೀಸನ್‌ನಲ್ಲೂ ಒಂದು ಶೋ ಬೇರೆಯಾಗೇ ಇಡ್ತಾರೆ. ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್ ಅಂತಾರೆ ಅದನ್ನ. ಇಂಗ್ಲೆಂಡಲ್ಲಿ ನಾನಿರೋ ಊರಿನ ಥಿಯೇಟರಲ್ಲಿ ನಾನು ವಾಲಂಟಿಯರ್, ಟಿಕೆಟ್ ನೋಡಿ ಸೀಟ್ ತೋರ್ಸೋ ಕೆಲಸ, ಆ ಶೋ ಇರೋ ದಿನ ತಪ್ಪದೇ ಡ್ಯೂಟಿ ಕೇಳಿ ಹಾಕಿಸ್ಕೋತೀನಿ. ನೋಡ್ತಾ ನೋಡ್ತಾ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದೆ. ಲೈಟು ಸೌಂಡು ಕಮ್ಮಿ ಮಾಡೋದು ಸುಲಭದ ಕೆಲಸ, ಎಲ್ಲರೂ ಮಾಡ್ತಾರೆ. ಮಗು ಆ ಎರಡು ಗಂಟೆ ಕೂತು ಖುಷಿ ಪಟ್ಟು ಮನೆಗೆ ಹೋಗತ್ತಾ ಇಲ್ವಾ ಅನ್ನೋದು ಅದಕ್ಕೂ ಎರಡು ವಾರ ಮುಂಚೆ ಆ ಮನೆಯೋರ ಕೈಗೆ ಏನು ಸಿಕ್ಕಿತ್ತು ಅನ್ನೋದ್ರ ಮೇಲಿರತ್ತೆ. ಇಲ್ಲಿರೋ ನಮ್ಮ ಕನ್ನಡ ಸಂಘಗಳು ಕಲೀಬೇಕಾಗಿರೋದು ಇದನ್ನೇ.

ಇಂಥ ಶೋ ಇಡೋದೇನೂ ತೀರಾ ಹಳೇ ಪದ್ಧತಿ ಅಲ್ಲ. ನ್ಯೂಯಾರ್ಕಲ್ಲಿ ಟಿಡಿಎಫ್ ಅನ್ನೋ ಸಂಸ್ಥೆ 2011ರ ಅಕ್ಟೋಬರಲ್ಲಿ ಬ್ರಾಡ್‌ವೇ 'ಲಯನ್ ಕಿಂಗ್'ನ ಒಂದು ಶೋದ ಸೀಟೆಲ್ಲಾ ತಾನೇ ಕೊಂಡು ಆಟಿಸಂ ಇರೋರಿಗೆ, ಅವರ ಮನೆಯೋರಿಗೆ ಅಂತಾನೇ ಕೊಡ್ತು. ಲಂಡನ್ನಿನ 'ಲಯನ್ ಕಿಂಗ್' 2013ರಲ್ಲಿ ಇಂಥ ಶೋ ಇಟ್ಟಿತು. ಲಂಡನ್ನಿನದೇ ಇನ್ನೊಂದು ಥಿಯೇಟರ್ ಬ್ಯಾಟರ್‌ಸೀ ಆರ್ಟ್ಸ್ ಸೆಂಟರ್ ಅಂತೂ 2020ರಲ್ಲಿ ಒಂದು ಶೋ ಯಾಕೆ, ನಮ್ಮ ಇಡೀ ಜಾಗಾನೇ ಹೀಗಿರಲಿ ಅಂತ ತೀರ್ಮಾನ ಮಾಡ್ತು. ಇಂಗ್ಲೆಂಡಿನೋರ ಹಿಂದೆ 2010ರ ಈಕ್ವಾಲಿಟಿ ಆಕ್ಟ್ ಅನ್ನೋ ಕಾನೂನೂ ಇದೆ, ಅಂಗವಿಕಲರಿಗೆ ಬೇಕಾದ ಬದಲಾವಣೆ ಮಾಡಿಕೊಡೋದು ಸೇವೆ ಕೊಡೋರ ಜವಾಬ್ದಾರಿ ಅನ್ನತ್ತೆ ಅದು.

ಶೋ ದಿನ ಏನ್ ಮಾಡ್ತಾರೆ ಅಂತ ಬಹಳ ಜನಕ್ಕೆ ಗೊತ್ತು. ಹಾಲ್ ಪೂರ್ತಿ ಕತ್ತಲೆ ಮಾಡಲ್ಲ, ಬಾಗಿಲು ತೆಗ್ದಿರತ್ತೆ, ಎದ್ದು ಓಡಾಡ್ಬಹುದು, ಕೂಗ್ಬಹುದು, ಮಿಣುಕೋ ಲೈಟ್ ಇಲ್ಲ, ಸುಸ್ತಾದ್ರೆ ಹೋಗಿ ಕೂರೋಕೆ ಒಂದು ಸದ್ದಿಲ್ಲದ ರೂಮು. ಟಾಯ್ಲೆಟ್ಟಲ್ಲಿ ಕೈ ಒಣಗಿಸೋ ಮೆಶೀನ್ ಆಫ್ ಮಾಡಿ ಪೇಪರ್ ಇಡೋ ಕಡೆಗಳೂ ಇವೆ. ಹೊರಗಿನೋರಿಗೆ ಇದು ಸಣ್ಣ ವಿಷಯ ಅನ್ಸತ್ತೆ, ಆದ್ರೆ ಆ ಮೆಶೀನಿನ ಸದ್ದಿಗೆ ಹೆದರಿ ಪಬ್ಲಿಕ್ ಟಾಯ್ಲೆಟ್ಟಿಗೇ ಹೋಗದ, ಅದಕ್ಕೇ ಮನೆ ಬಿಟ್ಟು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರೋಕಾಗದ ಮಕ್ಕಳಿದಾರೆ, ಅವರ ಅಪ್ಪಅಮ್ಮನ್ನ ಕೇಳಿ.

ನಾನು ಹೇಳ್ಬೇಕು ಅಂತಿರೋದು ಮುಂಚೆ ಕಳಿಸೋ ಪುಸ್ತಕದ ಬಗ್ಗೆ. ವಿಶುವಲ್ ಸ್ಟೋರಿ ಅಂತ ಒಂದು ಫೈಲ್ ಇರತ್ತೆ, ಕ್ಯಾರಲ್ ಗ್ರೇ ಅನ್ನೋ ಅಮೆರಿಕದ ಟೀಚರ್ 1990ರ ದಶಕದ ಶುರುವಲ್ಲಿ ಆಟಿಸಂ ಮಕ್ಕಳಿಗೋಸ್ಕರ ಸೋಶಿಯಲ್ ಸ್ಟೋರಿ ಅಂತ ಬರೆಯೋಕೆ ಹಿಡಿದ್ರಲ್ಲ, ಅದೇ ದಾರಿಯದ್ದು. ಪುಟಕ್ಕೆ ಒಂದು ಫೋಟೋ, ಕೆಳಗೆ ಎರಡೇ ಸಾಲು. ಥಿಯೇಟರಿನ ಹೊರಬಾಗಿಲು. ಆಮೇಲೆ ಬ್ಯಾಗ್ ನೋಡೋ ಸೆಕ್ಯುರಿಟಿಯೋರು, ಅವರು ಹಾಕೋ ಬಟ್ಟೆ ಹಿಂಗಿರತ್ತೆ. ಟಿಕೆಟ್ ಸ್ಕ್ಯಾನ್ ಮಾಡಿದ್ರೆ ಬೀಪ್ ಅನ್ನತ್ತೆ. ಸೀಟು ಮಡಚಿಕೊಂಡಿರತ್ತೆ, ಕೈಯಲ್ಲಿ ಒತ್ತಿ ಕೂರ್ಬೇಕು, ಎದ್ದ ಕೂಡ್ಲೆ ಮೇಲೆ ಹೋಗತ್ತೆ. ಆಮೇಲೆ ಪಾತ್ರಗಳು, ಒಂದೊಂದು ಪಾತ್ರಕ್ಕೂ ಎರಡು ಫೋಟೋ, ಈ ಅಣ್ಣ ಮನೆ ಬಟ್ಟೇಲಿ ಹೀಗಿದಾನೆ, ವೇಷ ಹಾಕಿದ್ರೆ ಹೀಗೆ. ಕಥೆ ಪೂರ್ತಿ ಬರೆದಿರ್ತಾರೆ, ಕೊನೆಗೆ ಯಾರು ಗೆಲ್ತಾರೆ ಅನ್ನೋದೂ ಸೇರಿ, ಗುಟ್ಟು ಅಂತ ಏನೂ ಉಳಿಸಲ್ಲ. ದೊಡ್ಡೋರಿಗೆ ಅಂತ ಬೇರೆ ಹಾಳೆ ಇಡೋ ಕಡೆ ಯಾವ ಸೀನಲ್ಲಿ ಸದ್ದು ಜಾಸ್ತಿ, ಎಲ್ಲಿ ಹೊಗೆ ಬರತ್ತೆ, ಎಲ್ಲಿ ನಟರು ಸಭೆ ಒಳಗೆ ಇಳೀತಾರೆ, ಎಲ್ಲಾ ಸಾಲಾಗಿ ಇರತ್ತೆ, ಸದ್ದು ತಡೆಯೋ ಹೆಡ್‌ಫೋನ್ ಯಾವಾಗ ಮಗು ಕಿವಿಗೆ ಹಾಕ್ಬೇಕು ಅಂತ ಅಮ್ಮಂಗೆ ಗೊತ್ತಾಗ್ಲಿ ಅಂತ. ಚಪ್ಪಾಳೆ ಬಗ್ಗೇನೂ ಬರೀತಾರೆ. ಮಿಕ್ಕ ಸದ್ದನ್ನೆಲ್ಲಾ ಕಮ್ಮಿ ಮಾಡ್ಬಹುದು, ನೂರಾರು ಜನ ಒಟ್ಟಿಗೆ ಹೊಡೆಯೋ ಚಪ್ಪಾಳೆಗೆ ಬಟನ್ ಇಲ್ವಲ್ಲ, ಹಾಗಾಗಿ ಅದು ಬರತ್ತೆ ಅಂತ ಮೊದಲೇ ತಿಳ್ಕೊಂಡಿರ್ಬೇಕು.

ನಮ್ಮ ಗುಂಪಲ್ಲೇ ಒಂದು ಮನೆಯೋರು ಇದನ್ನ ಪ್ರಿಂಟ್ ತೆಗ್ದು ಮಗನ ಊಟದ ಟೇಬಲ್ ಮೇಲಿಟ್ಟು ದಿನಾ ರಾತ್ರಿ ಓದ್ತಿದ್ರು. ಹುಡುಗ ಮಾತು ಕಮ್ಮಿ, ಆದ್ರೆ ಶೋ ದಿನ ಒಳಗೆ ಬಂದೋನೇ ಸೀಟನ್ನ ಕೈಯಲ್ಲಿ ಒತ್ತಿದ, ಬಿಟ್ಟ, ಅದು ಮೇಲೆ ಹೋಯ್ತು, ಮತ್ತೆ ಒತ್ತಿದ, ಮತ್ತೆ ಬಿಟ್ಟ, ಆಮೇಲೆ ಕೂತ್ಕೊಂಡು ಅಮ್ಮನ ಮುಖ ನೋಡಿ ನಕ್ಕ. ಪುಸ್ತಕದಲ್ಲಿ ಹೇಳಿದ್ದು ನಿಜ ಅಂತ ಅವನಿಗೆ ಖಾತ್ರಿ ಆಯ್ತು, ಹಂಗಾದ್ರೆ ಖಳನಾಯಕ ಕೊನೆಗೆ ಸೋಲ್ತಾನೆ ಅಂದಿದ್ದೂ ನಿಜಾನೇ ಇರ್ಬೇಕು. ಧೈರ್ಯ ಅಂದ್ರೆ ಅವನಿಗೆ ಅದೇ.

ಈಗ ನಮ್ಮ ಕಡೆ ನೋಡಿ. ನಾನು ಕಾರ್ಕಳದ ಕಡೆಯೋನು, ಯಕ್ಷಗಾನ ಬಯಲಾಟ ನೋಡ್ಕೊಂಡು ಬೆಳೆದೋನು. ಅಲ್ಲಿ ಪ್ರೇಕ್ಷಕರಿಗೆ ಇರೋ ಸ್ವಾತಂತ್ರ್ಯ ಇಲ್ಲಿಯ ಯಾವ ರಿಲ್ಯಾಕ್ಸ್ಡ್ ಶೋದಲ್ಲೂ ಇಲ್ಲ. ಗದ್ದೇಲಿ ರಂಗಸ್ಥಳ, ಬಾಗಿಲೇ ಇಲ್ಲ, ಬಂದ್ರೆ ಬಂದೆ ಹೋದ್ರೆ ಹೋದೆ, ಚಾಪೆ ಹಾಕ್ಕೊಂಡು ಮಲಗಿದ್ರೂ ಸರಿ, ಕಡ್ಲೆ ತಿಂದ್ಕೊಂಡು ಓಡಾಡ್ಕೊಂಡಿದ್ರೂ ಸರಿ, ಒಂದು ಮಗು ಜೋರಾಗಿ ಕೂಗ್ತು ಅಂತ ಭಾಗವತರು ಪದ ನಿಲ್ಸಿದ್ದು ನಾನು ಕಂಡಿಲ್ಲ. ಕಥೇನೂ ಎಲ್ಲರಿಗೂ ಗೊತ್ತಿರತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಚೌಕಿ ಇದೆ, ಅಂದ್ರೆ ಕಲಾವಿದರು ವೇಷ ಹಾಕ್ಕೊಳ್ಳೋ ಜಾಗ. ಬಣ್ಣದ ವೇಷದೋರು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ (ಉಬ್ಬು ಚುಕ್ಕೆ) ಒಂದೊಂದೇ ಇಟ್ಕೊಂಡು ಗಂಟೆಗಟ್ಲೆ ಕೂತಿರ್ತಾರಲ್ಲ, ಅಲ್ಲಿ ಹೋಗಿ ಪಕ್ಕದಲ್ಲೇ ನಿಂತು ನೋಡೋ ಮಕ್ಕಳನ್ನ ಯಾರೂ ಓಡ್ಸಲ್ಲ. ಆ ರಾಕ್ಷಸ ಸ್ವಲ್ಪ ಹೊತ್ತಿಗೆ ಮುಂಚೆ ಚಾ ಕುಡಿದದ್ದನ್ನ ಮಗು ಕಣ್ಣಾರೆ ನೋಡಿರತ್ತೆ. ಇಂಗ್ಲೆಂಡಿನೋರು ಎರಡು ಫೋಟೋ ಹಾಕಿ ಅರ್ಥ ಮಾಡಿಸೋದನ್ನ ನಮ್ಮ ಚೌಕಿ ಕಣ್ಣೆದುರೇ ತೋರ್ಸತ್ತೆ, ಇದಕ್ಕಿಂತ ಒಳ್ಳೇ ತಯಾರಿ ಇನ್ನೊಂದಿಲ್ಲ ಅಂತ ನಾನು ಎದೆ ತಟ್ಟಿ ಹೇಳ್ತೀನಿ.

ಆದ್ರೆ ಅಷ್ಟೇ ಸಾಕಾ ಅಂದ್ರೆ ಸಾಕಲ್ಲ. ದೇವಿಮಹಾತ್ಮೆ ನೋಡಿದೋರಿಗೆ ಗೊತ್ತು, ಮಹಿಷಾಸುರ ಬರೋದು ಸಭೆಯ ಹಿಂದಿಂದ, ಜನರ ಮಧ್ಯೆ, ದೊಂದಿಗೆ ರಾಳ ಎರಚಿ ಬೆಂಕಿ ಭಗ್ ಅಂತ ಎದ್ದೇಳತ್ತೆ, ಗರ್ನಾಲು ಸಿಡಿಯತ್ತೆ, ಚಂಡೆ ಕಿವಿಗಡಚಿಕ್ಕತ್ತೆ. ನಮಗೆ ಅದೇ ರೋಮಾಂಚನ, ಅದು ಹಂಗೇ ಇರ್ಲಿ, ಕಮ್ಮಿ ಮಾಡಿ ಅಂತ ನಾನು ಕೇಳ್ತಿಲ್ಲ. ಆದ್ರೆ ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಅಂತ ಆ ಮಗುವಿನ ಅಮ್ಮಂಗೆ ಮೊದಲೇ ಹೇಳೋರು ಯಾರು? ಊರಲ್ಲಿ ಬೇಕಾದಷ್ಟು ಸಹನೆ ಇದೆ, ಮುಂಚೆ ಹೇಳೋ ರೂಢಿ ಇಲ್ಲ. ಇಲ್ಲಿ ಮುಂಚೆ ಹೇಳೋದು ಚೆನ್ನಾಗಿದೆ, ಸಹನೆ ಮಾತ್ರ ಒಂದು ಶೋಗೆ ಸೀಮಿತ, ಅದೂ ಹೆಚ್ಚಾಗಿ ಕೆಲಸದ ದಿನದ ಮಧ್ಯಾಹ್ನ ಇಡ್ತಾರೆ, ಮಾರನೇ ದಿನ ಅದೇ ಮಗು ಅದೇ ಹಾಲಲ್ಲಿ ಕೂಗಿದ್ರೆ ನಾಲ್ಕು ಜನ ಹಿಂದೆ ತಿರುಗಿ ನೋಡ್ತಾರೆ. ಇದನ್ನ ನಮ್ಮ ಮ್ಯಾನೇಜರಿಗೂ ಹೇಳಿದೀನಿ, ಮುಂದಿನ ಸಲ ಒಂದು ಶನಿವಾರ ನೋಡೋಣ ಅಂದ್ರು.

ನಮ್ಮ ಸಂಘಗಳ ಯುಗಾದಿ, ರಾಜ್ಯೋತ್ಸವ, ದೀಪಾವಳಿ ಕಾರ್ಯಕ್ರಮದಲ್ಲಿ ಎರಡೂ ಕಡೆಯ ಒಳ್ಳೇದು ಸೇರಬಹುದಿತ್ತು, ಸೇರ್ತಿಲ್ಲ. ಮೊದಲನೇದು ಟೈಮು. ಇನ್ವಿಟೇಶನ್ನಲ್ಲಿ ನಾಲ್ಕು ಗಂಟೆ, ದೀಪ ಹಚ್ಚೋದು ಐದೂ ಕಾಲಿಗೆ, ಮಕ್ಕಳ ನಾಟಕ ಆರು ಮುಕ್ಕಾಲಿಗೆ, ಮಧ್ಯೆ ಸನ್ಮಾನ, ಸ್ಪಾನ್ಸರ್ ಭಾಷಣ. ಮಿಕ್ಕೋರಿಗೆ ಬೇಜಾರು ಅಷ್ಟೇ, ನಾಲ್ಕಕ್ಕೆ ನಾಟಕ ಅಂತ ವಾರದಿಂದ ಹೇಳಿ ತಯಾರು ಮಾಡಿದ ಮಗುಗೆ ಅದು ಸುಳ್ಳು, ಅಮ್ಮ ಹೇಳಿದ್ದು ಸುಳ್ಳು. ಬೆಂಗಳೂರಿನ ರಂಗಶಂಕರ 2004ರಲ್ಲಿ ಶುರುವಾದಾಗಿಂದ ಹೇಳಿದ ಟೈಮಿಗೆ ಸರಿಯಾಗಿ ನಾಟಕ ಶುರು ಮಾಡೋ ಶಿಸ್ತು ಇಟ್ಕೊಂಡಿದೆ. ತಡವಾಗಿ ಬಂದೋರನ್ನ ಒಳಗೆ ಬಿಡಲ್ಲ ಅನ್ನೋ ನಿಯಮ ಈ ಮಕ್ಕಳಿಗೆ ಸ್ವಲ್ಪ ಸಡಿಲ ಆಗ್ಬೇಕು, ಆದ್ರೆ ಟೈಮಿಗೆ ಶುರು ಮಾಡೋ ಗುಣ ಇದೆಯಲ್ಲ, ಅದನ್ನ ನಾವು ಕಣ್ಣಿಗೊತ್ತಿಕೊಂಡು ತಗೋಬೇಕು.

ಎರಡನೇದು ಮನೆಯೋರು ಅಂದ್ರೆ ಬರೀ ಅಪ್ಪಅಮ್ಮ ಅಲ್ಲ. ಊರಿಂದ ಆರು ತಿಂಗಳಿಗೆ ಅಂತ ಬಂದಿರೋ ಅಜ್ಜಿ ಇರ್ತಾರೆ. 'ಇವರಪ್ಪನೂ ಲೇಟಾಗೇ ಮಾತಾಡಿದ್ದು, ಎಲ್ಲಾ ಸರಿ ಹೋಗತ್ತೆ ಬಿಡಿ' ಅನ್ನೋರು, ಮಗು ಎದ್ದು ಕುಣಿದ್ರೆ ನಾಲ್ಕು ಜನ ನೋಡ್ತಾರೆ ಅಂತ ಕೈ ಹಿಡಿದು ಕೂರ್ಸೋರು. ಪ್ರೀತಿಯಿಂದಾನೇ ಮಾಡೋದು. ಅವರ ಕೈಗೆ ಇಂಗ್ಲಿಷ್ ಫೈಲ್ ಕೊಟ್ರೆ ಏನು ಪ್ರಯೋಜನ? ಕನ್ನಡದಲ್ಲಿ ಬರೀಬೇಕು, 'ಅಜ್ಜಿ, ಇವತ್ತು ನಾನು ಎದ್ದು ಓಡಾಡ್ಬಹುದು, ಯಾರೂ ಬೈಯಲ್ಲ' ಅಂತ ಮಗುವಿನ ಮಾತಲ್ಲೇ ಬರೆದು ವಾಟ್ಸಾಪಲ್ಲಿ ಕಳಿಸಿದ್ರೆ ಅವರೇ ಮೊಮ್ಮಗನಿಗೆ ದಿನಾ ಓದಿ ಹೇಳ್ತಾರೆ. ಈ ಮಕ್ಕಳಿಗೆ ಮನೆಭಾಷೆ ಬಿಟ್ಟು ಬರೀ ಇಂಗ್ಲಿಷ್ ಮಾತಾಡಿ ಅಂತ ಸಲಹೆ ಕೇಳಿ ಕನ್ನಡ ನಿಲ್ಸಿರೋ ಮನೆಗಳು ನನಗೆ ಗೊತ್ತು, ಅದಕ್ಕೆ ಇದನ್ನೂ ಹೇಳ್ಬಿಡ್ತೀನಿ, ಎರಡು ಭಾಷೆ ಕೇಳೋದ್ರಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳತ್ತೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಊರಲ್ಲಿರೋ ಸ್ನೇಹಿತರು ಇದೆಲ್ಲಾ ಹೊರದೇಶದ ಮಾತು ಅಂತ ತಳ್ಳಿಹಾಕ್ಬೇಡಿ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಸಂಸ್ಕೃತಿ ಮನರಂಜನೆ ಬಗ್ಗೇನೇ 29ನೇ ಸೆಕ್ಷನ್ ಇದೆ. ಮೇಳದೋರ ಜೊತೆ ಮಾತಾಡಿ ಸಾಯಂಕಾಲ ಬೇಗ ಚೌಕಿಗೆ ಕೆಲವು ಮಕ್ಕಳನ್ನ ಕರ್ಕೊಂಡು ಹೋಗಿ, ಗೆಜ್ಜೆ ಮುಟ್ಟೋಕೆ, ಚಂಡೆ ಮೇಲೆ ಒಂದು ಸಲ ತಾವೇ ಕೋಲು ಹೊಡೆಯೋಕೆ ಬಿಡಿ ಅಂತ ಕೇಳಿದ್ರೆ ಬೇಡ ಅನ್ನೋ ಕಲಾವಿದರು ನನಗೆ ಗೊತ್ತಿಲ್ಲ. ಖರ್ಚಿಲ್ಲ ಇದಕ್ಕೆ.

ನಮ್ಮ ಕಮಿಟಿಯೋರಿಗೆ ನಾನು ಬರೆದು ಕೊಟ್ಟಿರೋದು ಇಷ್ಟು. ಮಕ್ಕಳ ನಾಟಕ ಮೊದಲು, ಭಾಷಣ ಆಮೇಲೆ, ಹೇಳಿದ ಗಂಟೆಗೆ ಪರದೆ ಏಳ್ಬೇಕು. ಹಾಲಿನ ಬಾಗಿಲು, ಚಪ್ಪಲಿ ಬಿಡೋ ಜಾಗ, ಟಾಯ್ಲೆಟ್, ಊಟದ ಸಾಲು, ವೇಷ ಹಾಕಿ ಮತ್ತೆ ಹಾಕದೇ ಇರೋ ಎಲ್ಲಾ ಪಾತ್ರಧಾರಿಗಳ ಫೋಟೋ ತೆಗ್ದು ಕನ್ನಡದಲ್ಲಿ ಎರಡೆರಡು ಸಾಲು ಬರೆಯೋ ಕೆಲಸ ನಂದು, ಹದಿನೈದು ದಿನ ಮುಂಚೆ ಗ್ರೂಪಿಗೆ ಬರತ್ತೆ. ಊಟದ ಹಾಲಿನ ಗದ್ದಲ ನಾಟಕಕ್ಕಿಂತ ಜಾಸ್ತಿ ಇರತ್ತೆ, ಹಾಗಾಗಿ ಈ ಮನೆಯೋರಿಗೆ ಊಟ ಹತ್ತು ನಿಮಿಷ ಮುಂಚೆ, ಬೇರೆ ಮೇಜಲ್ಲಿ. ಮೈಕ್ ಕಿರ್ ಅನ್ನದ ಹಾಗೆ ನೋಡ್ಕೊಳ್ಳೋಕೆ ಸೌಂಡ್ ಗೊತ್ತಿರೋ ಒಬ್ಬರು ಬೇಕು, ಸದ್ದಿಲ್ಲದ ರೂಮಲ್ಲಿ ಕೂರೋಕೆ ಇಬ್ಬರು ಬೇಕು, ಬರೋ ಭಾನುವಾರದ ಮೀಟಿಂಗಲ್ಲಿ ಹೆಸರು ಕೊಡಿ.