ಎಡಗಿವಿಗೆ ಭಾಷಣ, ಬಲಗಿವಿಗೆ ಮೇಷ್ಟ್ರು

ಏಕಕಾಲಿಕ ಭಾಷಾಂತರವನ್ನು ಸಾಮಾನ್ಯವಾಗಿ ಒಬ್ಬರೇ ಮಾಡುವುದಿಲ್ಲ. ಭಾಷಣಕಾರರಿಗಿಂತ ಎರಡು ಮೂರು ಸೆಕೆಂಡು ಹಿಂದೆ ಓಡುತ್ತ, ಕೇಳುತ್ತಲೇ ಮಾತಾಡುವ ಈ ಕೆಲಸದಲ್ಲಿ ಅರ್ಧ ಗಂಟೆಯೊಳಗೆ ತಲೆ ಕಾದುಹೋಗುವುದರಿಂದ ಇಬ್ಬರು ಸರದಿಯ ಮೇಲೆ ಕೂರುತ್ತಾರೆ. ಸರದಿಯಿಲ್ಲದವರಿಗೂ ಬಿಡುವಿಲ್ಲ. ಇಂಗ್ಲಿಷಿನವರು 2.7 ಬಿಲಿಯನ್ ಎಂದು ಎಸೆದು ಮುಂದೆ ಹೋದಾಗ, ಅದು 270 ಕೋಟಿ ಎಂದು ಪಕ್ಕದವರು ಚೀಟಿಯಲ್ಲಿ ಬರೆದು ತಳ್ಳದಿದ್ದರೆ, ಸೊನ್ನೆ ಎಣಿಸುತ್ತ ಕೂತವರು ಮುಂದಿನ ಎರಡು ವಾಕ್ಯಗಳನ್ನು ಕಳೆದುಕೊಂಡಂತೆಯೇ. 1945ರಲ್ಲಿ ಆರಂಭವಾದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಮಾತಿನ ವೇಗ ಹೆಚ್ಚಿದರೆ ಹಳದಿ ದೀಪ ಹೊತ್ತಿಸಿ ನಿಧಾನಿಸಲು ಸೂಚಿಸುತ್ತಿದ್ದರಂತೆ. ಹಳದಿ ದೀಪ ಕಂಡೊಡನೆ ವೇಗ ಹೆಚ್ಚಿಸುವ ನಮ್ಮ ಬೆಂಗಳೂರಿನಲ್ಲಿ ಆ ಉಪಾಯಕ್ಕೆ ಎಡೆಯಿಲ್ಲ.

ಸಭೆಗಳು ಅಂತರ್ಜಾಲಕ್ಕೆ ಬಂದ ಮೇಲೆ ಚೀಟಿ ತಳ್ಳಲು ಮೇಜೇ ಇಲ್ಲದಾಯಿತು. ನಮ್ಮ ತಂಡದಲ್ಲಿ ನಿವೃತ್ತ ಮೇಷ್ಟ್ರು ಬಸವನಗುಡಿಯಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯ ಸಹೋದ್ಯೋಗಿ ವಿದ್ಯಾರಣ್ಯಪುರದಲ್ಲಿ, ನಾನು ರಾಜಾಜಿನಗರದಲ್ಲಿ, ಹೊಸದಾಗಿ ಸೇರಿದ ಹುಡುಗ ಕೆಂಗೇರಿಯಲ್ಲಿ. ಭಾಷಣ ಒಂದು ಕಿವಿಯಲ್ಲಿ ಓಡುತ್ತಿರುವಾಗ ಜೊತೆಗಾರರ ಪಿಸುಮಾತು ಇನ್ನೊಂದು ಕಿವಿಗೆ ಬೀಳಬೇಕು, ಆದರೆ ಅದು ಸಭೆಯಲ್ಲಿರುವ ಯಾರಿಗೂ ಕೇಳಬಾರದು. ನಮಗೆ ಬೇಕಾಗಿದ್ದುದು ಇಷ್ಟೇ. ಇದಕ್ಕೆ ಆನ್‌ಲೈನ್ ಆಟ ಆಡುವವರ ನಡುವೆ ಬಳಕೆಯಲ್ಲಿರುವ ಮಂಬಲ್ ಎಂಬ ಮುಕ್ತ ತಂತ್ರಾಂಶವೇ ಸರಿ ಎಂದು ಹುಡುಗ ಸೂಚಿಸಿದ. 2005ರಿಂದ ಇರುವ ಈ ತಂತ್ರಾಂಶದಲ್ಲಿ ಮಾತು ತಡವಾಗದೆ ತಲುಪುತ್ತದೆ. ಗುಂಡು ಹಾರಿಸುವವರಿಗೂ ಭಾಷಾಂತರ ಮಾಡುವವರಿಗೂ ತಡವಾಗಿ ಬಂದ ಎಚ್ಚರಿಕೆಯಿಂದ ಪ್ರಯೋಜನವಿಲ್ಲ.

ತಂತ್ರಾಂಶದ ಬಗ್ಗೆ ನನ್ನ ದೂರಿಲ್ಲ. ಅದರ ಸುತ್ತ ಇರುವ ಯಂತ್ರಗಳು ಮಾಡುವ, ಯಾರೂ ಕೇಳದ ಉಪಕಾರದ ಬಗ್ಗೆಯೇ ನನ್ನ ದೂರು. ಮದುವೆ ಮನೆಯಲ್ಲಿ ನಾವು ಪಾಯಸ ಮುಟ್ಟುವ ಮೊದಲೇ ಎಲೆ ಎತ್ತಲು ಬರುವ ನೆಂಟರಂತೆ, ಅವು ನಮ್ಮ ಕಷ್ಟವನ್ನು ತಾವೇ ಊಹಿಸಿಕೊಂಡು ಪರಿಹರಿಸಿಬಿಡುತ್ತವೆ. ಮೇಷ್ಟ್ರ ಕಂಪ್ಯೂಟರು, ಅವರ ಕಿವಿಗೆ ನಾನು "270 ಕೋಟಿ" ಎಂದ ಕೂಡಲೇ, ಇದು ಫೋನ್ ಕರೆಯಿರಬೇಕೆಂದು ತಿಳಿದು ಭಾಷಣದ ಸದ್ದನ್ನು ಶೇ. 80ರಷ್ಟು ತಗ್ಗಿಸುತ್ತಿತ್ತು. ಸಂಖ್ಯೆ ಸಿಕ್ಕಿತು, ಭಾಷಣ ಹೋಯಿತು. ಹುಡುಗ ಧ್ವನಿಯ ಸೆಟ್ಟಿಂಗ್‌ಗಳ ಒಳಮನೆಯಲ್ಲಿ ಹುಡುಕಿ "ಏನೂ ಮಾಡಬೇಡ" ಎಂಬ ಆಯ್ಕೆಗೆ ಗುರುತು ಹಾಕಿಸಿದಾಗ ಮೇಷ್ಟ್ರು, "ಇಂಥದ್ದೊಂದು ಆಯ್ಕೆಯನ್ನು ಎಲ್ಲದರಲ್ಲೂ ಇಟ್ಟಿದ್ದರೆ ಎಷ್ಟು ಚೆನ್ನಾಗಿತ್ತಪ್ಪ" ಎಂದರು.

ಅಕ್ಕನವರ ಬ್ಲೂಟೂತ್ ಹೆಡ್‌ಸೆಟ್ಟಿನದು ಬೇರೆ ಬಗೆಯ ಔದಾರ್ಯ. ಕೇಳುವಾಗ ಸಂಗೀತ ಕಛೇರಿಯಂತಿದ್ದ ಧ್ವನಿ, ಅದರ ಮೈಕು ತೆರೆದ ಕ್ಷಣವೇ ಹಳೆಯ ದೂರವಾಣಿಯ ಮಟ್ಟಕ್ಕೆ ಕುಸಿಯುತ್ತಿತ್ತು. ಬ್ಲೂಟೂತಿನಲ್ಲಿ ಹೇಳುವ ಕೆಲಸ ಕೇಳುವ ಕೆಲಸಕ್ಕೆ ಜೊತೆಯಾದರೆ ಗುಣಮಟ್ಟವನ್ನೇ ಬಲಿಕೊಡುವುದು ಸಾಮಾನ್ಯ. ಭಾಷಾಂತರಕಾರರ ಕಿವಿಗೆ 125ರಿಂದ 15,000 ಹರ್ಟ್ಸ್‌ವರೆಗಿನ ಧ್ವನಿ ತಲುಪಬೇಕೆಂದು ಐಎಸ್‌ಒ 20109 ಎಂಬ ಅಂತಾರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ವೈರಿನ ಹೆಡ್‌ಸೆಟ್ ಹುಡುಕಿಕೊಂಡು ಎಸ್‌.ಪಿ. ರಸ್ತೆಗೆ ಹೋದರೆ ಅಂಗಡಿಯವರು, "ವೈರಿಂದು ಈಗ ಯಾರು ಕೇಳ್ತಾರೆ ಮೇಡಂ" ಎನ್ನುತ್ತ, ಒಳಗಿನಿಂದ ಧೂಳು ಹಿಡಿದ ಡಬ್ಬವೊಂದನ್ನು ತಂದು ಒರೆಸಿ, ಒರೆಸಿದ್ದಕ್ಕೂ ಸೇರಿಸಿ ಬೆಲೆ ಹೇಳಿದರು.

ಮಾತಾಡಿದಾಗ ತಾನಾಗಿಯೇ ತೆರೆದುಕೊಳ್ಳುವ ಮೈಕನ್ನು ನಾವು ಮೊದಲ ವಾರವೇ ಕೈಬಿಟ್ಟೆವು. ನಮ್ಮ ಮನೆಯ ಕುಕ್ಕರಿನ ಸೀಟಿಯನ್ನೂ ಈರುಳ್ಳಿ ಗಾಡಿಯ ಧ್ವನಿವರ್ಧಕವನ್ನೂ ಅದು ನನ್ನ ಮಾತೆಂದೇ ಭಾವಿಸಿ, ನೀರಾವರಿ ಕುರಿತ ಭಾಷಣದ ನಡುವೆ ಮೇಷ್ಟ್ರ ಕಿವಿಗೆ "ಮೂರು ಕೆಜಿ ನೂರು" ಎಂಬ ಸಂಖ್ಯೆಯನ್ನು ತಲುಪಿಸಿತ್ತು. ಗುಂಡಿ ಒತ್ತಿದಾಗ ಮಾತ್ರ ಮೈಕು ತೆರೆಯುವಂತೆ ಮಾಡಿ, ಆ ಗುಂಡಿಯಾಗಿ ಕಂಟ್ರೋಲ್ ಕೀಲಿಯನ್ನು ಆರಿಸಿದ್ದಾಯಿತು. ಕಂಟ್ರೋಲ್ ಒತ್ತಿಕೊಂಡು ಮೌಸಿನ ಚಕ್ರ ತಿರುಗಿಸಿದರೆ ಪರದೆಯ ಅಕ್ಷರ ದೊಡ್ಡದಾಗುತ್ತದೆ. ಆದ್ದರಿಂದ ಮೇಷ್ಟ್ರಿಗೆ ಪಿಸುಗುಡುತ್ತಲೇ ಪದಪಟ್ಟಿಯಲ್ಲಿ ಮೇಲಕ್ಕೆ ಹೋಗಲು ಯತ್ನಿಸಿದ ಅಕ್ಕನವರ ಪರದೆಯ ತುಂಬ ಒಂದೇ ಒಂದು "ಜ" ಅಕ್ಷರ ನಿಂತಿತು. ಅದು ಜಲಾಶಯದ್ದೋ ಜಲಾನಯನದ್ದೋ ತಿಳಿಯುವ ಮಾರ್ಗವಿರಲಿಲ್ಲ.

ಕೊನೆಗೆ ಅಕ್ಕನವರು ಮೇಜಿನಡಿ ಇಡುವ ಪೆಡಲ್ ತರಿಸಿಕೊಂಡರು. ಕಾಲು ಒತ್ತಿದರೆ ಮೈಕು ತೆರೆಯುತ್ತದೆ, ಕೈ ಎರಡೂ ಬಿಡುವಾಗಿರುತ್ತವೆ. ಒಮ್ಮೆ ಬಜೆಟ್ ಅಂಕಿಗಳನ್ನು ಕೊಡುತ್ತಿದ್ದ ಅವರ ಧ್ವನಿಯ ಹಿಂದೆ ಕೆಲಸದಾಕೆಯ "ಅಕ್ಕಾ, ಸ್ವಲ್ಪ ಕಾಲೆತ್ತಿ" ಎಂಬ ಮಾತು ಕೇಳಿಸಿತು. ಅಷ್ಟೇ, ಬಜೆಟ್ ನಿಂತಿತು. ಗುಡಿಸಿ ಮುಗಿಯುವವರೆಗೆ ರಾಜ್ಯದ ಆದಾಯವನ್ನು ನಾನು ನೆನಪಿನಿಂದಲೇ ನಿಭಾಯಿಸಬೇಕಾಯಿತು.

ನಮ್ಮೆಲ್ಲರ ಮಾತನ್ನು ಒಂದೆಡೆ ಕೂಡಿಸುವ ಸರ್ವರಿನ ಕಥೆ ಚಿಕ್ಕದು. ಮಂಬಲ್ ಬಳಸುವ 64738 ಎಂಬ ಪೋರ್ಟನ್ನು, ಎಂದರೆ ಸರ್ವರಿಗೆ ಮಾತು ಬಂದುಹೋಗುವ ಬಾಗಿಲನ್ನು, ಟಿಸಿಪಿ, ಯುಡಿಪಿ ಎಂಬ ಎರಡು ಸಾಗಣೆ ವಿಧಾನಗಳಿಗೂ ತೆರೆಯಬೇಕು. ಟಿಸಿಪಿಯೊಂದನ್ನೇ ತೆರೆದರೂ ಮಾತು ಹೋಗುತ್ತದೆ, ಆದರೆ ಜಾಲ ಹದಗೆಟ್ಟಾಗ ತಡೆದು ತಡೆದು ಹೋಗುತ್ತದೆ. ಕಮೊಡೋರ್ 64 ಎಂಬ ಹಳೆಯ ಕಂಪ್ಯೂಟರನ್ನು ಮರಳಿ ಆರಂಭಿಸಲೂ ಇದೇ ಸಂಖ್ಯೆಯನ್ನು ಬಳಸುತ್ತಿದ್ದರು ಎಂದು ಹುಡುಗ ವಿವರಿಸುತ್ತ ನಿಂತಾಗ, "ಅದಿರಲಿ, ಇದನ್ನು ಆರಂಭಿಸಪ್ಪ" ಎಂದರು ಮೇಷ್ಟ್ರು.

ಎಲ್ಲವೂ ಹದಕ್ಕೆ ಬಂದ ಮೇಲೆ ಹೊಸ ತೊಡಕು ಬಂದದ್ದು ಸಭೆಯ ಆಯೋಜಕರೊಬ್ಬರಿಂದ. ನಮ್ಮಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆಯೆಂದು ತಿಳಿದು, ಮೇಲ್ವಿಚಾರಣೆಗಾಗಿ ತಾವೂ ಅದರೊಳಗೆ ಇರಬೇಕೆಂದು ಅವರು ಹಟ ಹಿಡಿದರು. ಅಂಕಿಗಳ ಜೊತೆಗೆ ಭಾಷಣಕಾರರ ಬಗೆಗಿನ ನಮ್ಮ ಪ್ರಾಮಾಣಿಕ ಅಭಿಪ್ರಾಯಗಳೂ ಹರಿದಾಡುವ ಜಾಗವದು. ಹುಡುಗ ಮರುಮಾತಾಡದೆ ಅದೇ ಸರ್ವರಿನಲ್ಲಿ "ಮುಖ್ಯ ಕೊಠಡಿ" ಎಂಬ ಇನ್ನೊಂದು ಚಾನೆಲ್ ತೆರೆದು, ಅವರಿಗೆ ಅಲ್ಲಿಗೆ ಮಾತ್ರ ಪ್ರವೇಶ ಕೊಟ್ಟ. ಇಡೀ ಸಭೆ ಅಲ್ಲಿ ಒಬ್ಬರೇ ಕೂತಿದ್ದ ಆಯೋಜಕರು, ಕೊನೆಗೆ ಫೋನ್ ಮಾಡಿ ಯಾರ ದನಿಯೂ ಕೇಳಲಿಲ್ಲವಲ್ಲ ಎಂದು ವಿಚಾರಿಸಿದರು.

"ಕೆಲಸದ ವೇಳೆಯಲ್ಲಿ ನಾವು ಮಾತಾಡುವುದಿಲ್ಲ ಸರ್" ಎಂದರು ಮೇಷ್ಟ್ರು.