ಹೆಸರು ಹತ್ತೋದು ಫ್ರೀ, ಇಳಿಸೋದಕ್ಕೆ ಅರ್ಜಿ

ನಮ್ಮಲ್ಲಿ ಜಮೀನಿನ ಖಾತೆ ಬದಲಾಗಬೇಕಾದರೆ ಚಪ್ಪಲಿ ಸವೆಯಬೇಕು. ರೇಷನ್ ಕಾರ್ಡಿನಲ್ಲಿ ಹೆಂಡತಿ ಹೆಸರಿನ ಒಂದು ಒತ್ತಕ್ಷರ ಸರಿಹೋಗಬೇಕಾದರೆ ಸರ್ವರ್ ಕೃಪೆ ಬೇಕು. ಆದರೆ ನಿಮ್ಮ ಮೇಲೆ ಒಂದು ಎಫ್‌ಐಆರ್ ಬೀಳಲಿ, ನೋಡಿ. 24 ಗಂಟೆಯೊಳಗೆ ಅದು ಪೊಲೀಸ್ ವೆಬ್‌ಸೈಟಿಗೆ ಏರಬೇಕು. ಟೋಕನ್ ಬೇಡ, ಜೆರಾಕ್ಸ್ ಬೇಡ, ‘ಸಾಹೇಬ್ರು ಮೀಟಿಂಗಲ್ಲಿದಾರೆ’ ಅನ್ನೋ ಮಾತೇ ಇಲ್ಲ. ನೀವು ಕೇಳದೇ ಸಿಗುವ ಸರ್ಕಾರಿ ಸೇವೆ ಅಂದರೆ ಬಹುಶಃ ಇದೊಂದೇ.

ಹೀಗೆ ಏರಿಸಿ ಅಂತ ಹೇಳಿದ್ದು ಸುಪ್ರೀಂ ಕೋರ್ಟು, 2016ರಲ್ಲಿ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳಿಗೆ ವಿನಾಯಿತಿ. ಇಂಟರ್ನೆಟ್ ಸಿಗದ ಕಡೆ 48 ಗಂಟೆ, ತೀರಾ ಕಷ್ಟವಾದರೆ 72. ಉದ್ದೇಶ ಒಳ್ಳೆಯದೇ. ತನ್ನ ಮೇಲೆ ಏನು ಬರೆದಿದ್ದಾರೆ ಅಂತ ಆರೋಪಿಗೆ ಗೊತ್ತಾಗಲಿ, ಒಂದು ನಕಲಿಗಾಗಿ ಅವನು ಸ್ಟೇಷನ್ ರೈಟರ್ ಮುಂದೆ ಕೈಕಟ್ಟಿ ನಿಲ್ಲದಿರಲಿ ಅಂತ. ಅದಕ್ಕೂ 20 ವರ್ಷ ಮೊದಲು, 1996ರ ಡಿ.ಕೆ. ಬಸು ತೀರ್ಪಿನಲ್ಲಿ ಇದೇ ಕೋರ್ಟು ಇನ್ನೊಂದು ಮಾತು ಹೇಳಿತ್ತು. ಯಾರನ್ನಾದರೂ ಹಿಡಿದರೆ ಕಂಟ್ರೋಲ್ ರೂಮಿಗೆ ತಿಳಿಸಿ, ಅಲ್ಲಿ ಬೋರ್ಡಿನಲ್ಲಿ ಹಾಕಿ ಅಂತ. ಮಗ ಯಾವ ಲಾಕಪ್ಪಿನಲ್ಲಿದ್ದಾನೆ ಅಂತ ಅಪ್ಪ ಅಮ್ಮನಿಗೆ ತಿಳಿಯಲಿ ಅಂತ. 2024ರ ಜುಲೈ 1ರಿಂದ ಜಾರಿಗೆ ಬಂದ, ಬಂಧನ-ವಿಚಾರಣೆಯ ಕ್ರಮ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಸೆಕ್ಷನ್ ಆ ಬೋರ್ಡನ್ನು ಡಿಜಿಟಲ್ ಮಾಡಿದೆ. ಬಂಧಿತನ ಹೆಸರು, ವಿಳಾಸ, ಅಪರಾಧದ ಸ್ವರೂಪ, ಎಲ್ಲವೂ ಎದ್ದು ಕಾಣುವ ಹಾಗೆ ಇರಬೇಕು.

ಎಲ್ಲವೂ ಆರೋಪಿಯ ರಕ್ಷಣೆಗೆ! ಓದುವವರು ಮಾತ್ರ ಬೇರೆ. ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಹುಡುಗ ಓದುತ್ತಾನೆ, ಮನೆ ಬಾಡಿಗೆಗೆ ಕೊಡುವ ಓನರ್ ಓದುತ್ತಾನೆ. ಹೆಣ್ಣಿನ ಕಡೆಯ ಸೋದರಮಾವ ಇವರೆಲ್ಲರಿಗಿಂತ ಮೊದಲು ಓದಿ ಮುಗಿಸಿರುತ್ತಾನೆ.

ಒಂದು ಕೇಸು ಊಹಿಸಿಕೊಳ್ಳಿ. ಗಣಪತಿ ಬಿಡುವ ದಿನ ಡಿಜೆ ವಿಷಯಕ್ಕೆ ಬೀದಿಯಲ್ಲಿ ಗಲಾಟೆ. ಹಾಲಿನ ಬೂತಿನ ಹುಡುಗ ಪಾಪ ಬಾಗಿಲು ಎಳೆದು ಮನೆಗೆ ಹೊರಟಿದ್ದ. ಎಫ್‌ಐಆರ್‌ನಲ್ಲಿ ಅವನು ಎ7, ಅಂದರೆ ಏಳನೇ ಆರೋಪಿ. ಎ1 ಊರು ಬಿಟ್ಟಿದ್ದಾನೆ, ಎ2 ಕಾರ್ಪೊರೇಟರ್ ಕಡೆಯವನು. ಎ12 ಆದಮೇಲೆ ‘ಮತ್ತು ಇತರರು’ ಅಂತಿದೆ. ನನ್ನ ಲೆಕ್ಕದಲ್ಲಿ ಇಡೀ ಎಫ್‌ಐಆರ್‌ನಲ್ಲಿ ಅದೃಷ್ಟವಂತರು ಅಂದರೆ ಈ ಇತರರೇ. ಅವರಿಗೆ ಹೆಸರಿಲ್ಲ, ತಂದೆ ಹೆಸರಿಲ್ಲ, ಗೂಗಲ್ಲಿಗೂ ಸಿಗುವುದಿಲ್ಲ.

ಆಮೇಲೆ ಫೋಟೊ. ಈ ಫೋಟೊ ನೀವೂ ನೋಡಿರುತ್ತೀರಿ. ಹಿಂದೆ ಠಾಣೆಯ ಗೋಡೆ. ಮಧ್ಯೆ ಸಾಲಾಗಿ ಯೂನಿಫಾರ್ಮು, ಒಬ್ಬರದೂ ಇಸ್ತ್ರಿ ಮುರಿದಿಲ್ಲ. ಮುಂದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಆರೋಪಿಗಳು. ಅವರ ಮುಂದೆ ಟೇಬಲ್ ಮೇಲೆ ವಶಪಡಿಸಿಕೊಂಡ ಮಾಲು: ನಾಲ್ಕು ದೊಣ್ಣೆ, ಒಂದು ಒಡೆದ ಸ್ಪೀಕರ್, ಎರಡು ಮೊಬೈಲು. ದೊಣ್ಣೆಗಳನ್ನು ಉದ್ದದ ಪ್ರಕಾರ ಜೋಡಿಸಿರುತ್ತಾರೆ. ಅಷ್ಟು ಶಿಸ್ತು ಚಾರ್ಜ್‌ಶೀಟಿನಲ್ಲಿ ಇದ್ದಿದ್ದರೆ ಅರ್ಧ ಕೇಸು ಕೋರ್ಟಿನಲ್ಲಿ ನಿಲ್ಲುತ್ತಿದ್ದವೇನೋ.

ನಿಲ್ಲುವುದಿಲ್ಲ ಅಲ್ವಾ. ವಾಯಿದೆ ಮೇಲೆ ವಾಯಿದೆ. ಮಹಜರಿಗೆ ಸಹಿ ಹಾಕಿದ ಪಂಚನಿಗೆ ತಾನು ಸಹಿ ಹಾಕಿದ್ದೇ ನೆನಪಿಲ್ಲ. ಕೊನೆಗೆ ಎ7 ಖುಲಾಸೆ. ಈಗ 24 ಗಂಟೆಯೊಳಗೆ ಖುಲಾಸೆಯನ್ನೂ ಎಫ್‌ಐಆರ್ ಪಕ್ಕದಲ್ಲೇ ಏರಿಸುತ್ತಾರೆ ಅಂದುಕೊಂಡಿರಾ? ಹಾಗಂತ ಆ 2016ರ ಆದೇಶ ಹೇಳಿಲ್ಲ. ಹೇಳದ ಕೆಲಸ ಮಾಡುವುದು ಶಿಸ್ತಿನ ಉಲ್ಲಂಘನೆ. ಫೋಟೊ ಹಾಕಿದ್ದ ಪತ್ರಿಕೆಗೂ ಖುಲಾಸೆ ಸುದ್ದಿಯಲ್ಲ. ದೊಣ್ಣೆ ಇಲ್ಲದ ಟೇಬಲ್ಲಿನ ಫೋಟೊ ಯಾರು ನೋಡುತ್ತಾರೆ?

ಈ ನಡುವೆ ಎ7 ದುಬೈ ಕೆಲಸಕ್ಕೆ ಅಂತ ಪಾಸ್‌ಪೋರ್ಟಿಗೆ ಹಾಕಿದ್ದ. ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ಇಲ್ಲ ಅನ್ನುತ್ತದೆ 1967ರ ಕಾಯ್ದೆ. ಕೋರ್ಟಿನ ಅನುಮತಿ ತಂದರೆ ಕೊಡುತ್ತೇವೆ ಅನ್ನುತ್ತದೆ 1993ರ ಅಧಿಸೂಚನೆ. ಆ ಅನುಮತಿಯಲ್ಲಿ ಅವಧಿ ಬರೆಸುವುದನ್ನು ಮರೆತರೆ ಒಂದೇ ವರ್ಷದ ಪಾಸ್‌ಪೋರ್ಟ್. ವರ್ಷ ಕಳೆದ ಮೇಲೆ ದುಬೈಯಿಂದ ಮತ್ತೆ ವಕೀಲರಿಗೆ ಫೋನು.

ಹೆಸರು ತೆಗೆಸುವ ದಾರಿ ಇಲ್ಲವೇ? ಇದೆ, ಇಲ್ಲದೇ ಏನು. ಹಿಡಿದವರ ಬೆರಳಚ್ಚು, ಫೋಟೊ ತೆಗೆದಿಡುವ 2022ರ ಗುರುತಿಸುವಿಕೆ ಕಾಯ್ದೆ ನೋಡಿ. 1920ರ ಬ್ರಿಟಿಷರ ಕಾಯ್ದೆಗೆ ಬೆರಳಚ್ಚು, ಹೆಜ್ಜೆ ಗುರುತು, ಫೋಟೊ ಸಾಕಾಗಿತ್ತು. ನಮ್ಮದು ಸ್ವತಂತ್ರ ದೇಶ. ನಮಗೆ ಕಣ್ಣಿನ ಪಾಪೆ, ಅಂಗೈ, ಸಹಿ, ಕೈಬರಹ ಎಲ್ಲ ಬೇಕು. ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದಲ್ಲಿ ಇದನ್ನೆಲ್ಲ 75 ವರ್ಷ ಇಡಬಹುದು. ನಮ್ಮ ಎ7ಗೆ ಗಣಪತಿ ಬಿಟ್ಟ ದಿನ 22 ವರ್ಷ. 97 ತುಂಬಿದಾಗ ದಾಖಲೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಆರೋಗ್ಯ ಚೆನ್ನಾಗಿ ನೋಡಿಕೊಳ್ಳಬೇಕು, ಅಷ್ಟೇ.

ಖುಲಾಸೆಯಾದರೆ ಮೊದಲೇ ನಾಶ ಮಾಡಬೇಕು ಅಂತಲೂ ಕಾಯ್ದೆಯಲ್ಲೇ ಬರೆದಿದ್ದಾರೆ. ಆದರೆ ಹಿಂದೆ ಶಿಕ್ಷೆ ಆಗಿರಬಾರದು. ಮೇಲ್ಮನವಿಗಳೆಲ್ಲ ಮುಗಿದಿರಬೇಕು. ಇಟ್ಟುಕೊಳ್ಳಿ ಅಂತ ಕೋರ್ಟಾಗಲಿ ಮ್ಯಾಜಿಸ್ಟ್ರೇಟರಾಗಲಿ ಬರೆದಿರಬಾರದು. ನಿಯಮದ ಪ್ರಕಾರ ಇದಕ್ಕೆಂದೇ ನೇಮಿಸಿದ ನೋಡಲ್ ಅಧಿಕಾರಿಗೆ ಕೋರಿಕೆ ಹೋಗಬೇಕು, ಅವರು ಪರಿಶೀಲಿಸಿ ಬ್ಯೂರೋಗೆ ಶಿಫಾರಸು ಮಾಡಬೇಕು. ಬೆರಳೊತ್ತಲು ಇಂಕು ಅವರೇ ಕೊಟ್ಟಿದ್ದರು. ಅಳಿಸಲು ಅರ್ಜಿ ನಾವು ಬರೆಯಬೇಕು. ಬ್ಯೂರೋದಲ್ಲಿ ಅಳಿದರೂ ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಹೆಸರು ಹೊಡೆದರೆ ಕೇಸು ಬರುತ್ತದೆ, ಗೂಗಲ್ಲಿನಲ್ಲಿ ಫೋಟೊ ಬರುತ್ತದೆ.

ದೆಹಲಿ ಹೈಕೋರ್ಟಿನಲ್ಲಿ 2021ರಲ್ಲಿ ಒಂದು ಅರ್ಜಿ ಬಂದಿತ್ತು. ಭಾರತ ಮೂಲದ ಅಮೆರಿಕದವರೊಬ್ಬರ ಮೇಲೆ ಇಲ್ಲಿ ಮಾದಕ ವಸ್ತುವಿನ ಕೇಸು ಬಿದ್ದು, ಖುಲಾಸೆಯೂ ಆಗಿತ್ತು. ಹೈಕೋರ್ಟು ಅದನ್ನು ಎತ್ತಿಹಿಡಿದಿತ್ತು. ಅಮೆರಿಕಕ್ಕೆ ಹೋದರೆ ಕೆಲಸ ಸಿಗುತ್ತಿಲ್ಲ. ಯಾಕೆ? ಹೆಸರು ಹುಡುಕಿದರೆ ಆ ತೀರ್ಪೇ ಎದುರಿಗೆ ಬರುತ್ತದೆ. ನಿರ್ದೋಷಿ ಅಂದ ತೀರ್ಪೇ! ಕೇಸು ನಂಬರು ನೋಡಿದವರಿಗೆ ಕೊನೆಯ ಸಾಲಿನವರೆಗೆ ಓದುವ ಪುರುಸೊತ್ತು ಎಲ್ಲಿ? ಹುಡುಕಿದಾಗ ಅದು ಸಿಗದಂತೆ ಮಾಡಿ ಅಂತ ಕೊನೆಗೆ ಕೋರ್ಟು ಮಧ್ಯಂತರ ಆದೇಶ ಕೊಡಬೇಕಾಯಿತು.

ಇಷ್ಟೆಲ್ಲ ಒದ್ದಾಟವಿಲ್ಲದ ಇನ್ನೊಂದು ದಾರಿಯೂ ಇದೆ. ಅದಕ್ಕೆ ಸ್ವಲ್ಪ ಯೋಗ್ಯತೆ ಬೇಕು. ಸರ್ಕಾರವೇ ಕೇಸು ವಾಪಸ್ ತೆಗೆದುಕೊಳ್ಳುವುದು. 2020ರಲ್ಲಿ ನಮ್ಮ ರಾಜ್ಯದ ಬಿಜೆಪಿ ಸರ್ಕಾರ ಶಾಸಕರು, ಸಂಸದರೂ ಸೇರಿದ 60ಕ್ಕೂ ಹೆಚ್ಚು ಕೇಸು ಬಿಡಲು ಹೊರಟಿತು, ಹೈಕೋರ್ಟು ತಡೆ ಕೊಟ್ಟಿತು. 2024ರಲ್ಲಿ ಕಾಂಗ್ರೆಸ್ ಸರ್ಕಾರ 43 ಕೇಸು ಬಿಡಲು ಹೊರಟಿತು, 2025ರ ಮೇನಲ್ಲಿ ಹೈಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಪಕ್ಷ ಯಾವುದಾದರೂ ಔದಾರ್ಯಕ್ಕೆ ಕೊರತೆಯಿಲ್ಲ. ಹಾಲಿನ ಬೂತಿನ ವಿಷಯ ಮಾತ್ರ ಸಂಪುಟದ ಅಜೆಂಡಾದಲ್ಲಿ ಬಂದ ಹಾಗಿಲ್ಲ.

ಹಾಗಾಗಿ ಎ7ಗೆ ನನ್ನದೊಂದು ಸಲಹೆ. ಖುಲಾಸೆ ಪ್ರತಿ ಹಿಡಿದು ಅಲೆಯುವುದು ಬಿಟ್ಟು ಯಾವುದಾದರೂ ಪಕ್ಷದ ಟಿಕೆಟ್ ಕೇಳು ಮಾರಾಯ. ಕೇಸು ಬಾಕಿ ಇರುವ ಅಭ್ಯರ್ಥಿ ಪ್ರಚಾರದ ಹೊತ್ತಿನಲ್ಲಿ ಅದನ್ನು ಪತ್ರಿಕೆ, ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು. ಇಂಥವನಿಗೇ ಟಿಕೆಟ್ ಯಾಕೆ ಅಂತ ಪಕ್ಷವೂ ಕಾರಣ ಕೊಡಬೇಕು. ಬರೀ ‘ಗೆಲ್ಲುವ ಕುದುರೆ’ ಅಂದರೆ ಸಾಲದು ಅಂತ 2020ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ನೀನು ಖುಲಾಸೆಯಾದವನು, ಪ್ರಕಟಿಸಲು ಏನೂ ಇಲ್ಲ. ಟಿಕೆಟ್ ಹಂಚುವವರು ಅದನ್ನೇ ಅನನುಭವ ಅಂದುಕೊಳ್ಳಬಹುದು, ಅದೊಂದು ಹುಷಾರು.